ಟೇಕ್: ಹೊರಗಿನಿಂದ ಬಂದು ಮನೆಯವನಾದ ಕ್ರಿಯಾಪದ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನ ‘ಟೇಕ್’ ಎಂದರೆ ‘ತೆಗೆದುಕೊಳ್ಳು’ ಎಂಬ ಒಂದೇ ಅರ್ಥ ಬಹುಕಾಲ ಸಾಕಾಗಿತ್ತು. ಆದರೆ ಆ ಭಾಷೆಯವರು ಬಸ್ಸು, ಔಷಧ, ಫೋಟೋ, ಸಮಯ ಎಲ್ಲಕ್ಕೂ ಇದನ್ನೇ ಬಳಸುತ್ತಾರೆ. ನಾವಾದರೋ ಬಸ್ಸು ಹಿಡಿಯುತ್ತೇವೆ, ಔಷಧ ಕುಡಿಯುತ್ತೇವೆ, ಫೋಟೋ ತೆಗೆಯುತ್ತೇವೆ. ‘ಆಫ್’ ಸೇರಿದರೆ ವಿಮಾನ ಮೇಲೇರುತ್ತದೆ, ‘ಆಫ್ಟರ್’ ಸೇರಿದರೆ ಮಗಳು ತಾಯಿಯನ್ನು ಹೋಲುತ್ತಾಳೆ.

ನನ್ನನ್ನು ಹೆಚ್ಚು ಸೆಳೆದದ್ದು ಇದರ ಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥಕ್ಕಿದ್ದ ಪದ ‘ನಿಮನ್’. ಜರ್ಮನಿನ ‘ನೇಮೆನ್’ ಅದರ ಒಡಹುಟ್ಟು. 9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ‘ಟಾಕಾ’ ಕ್ರಮೇಣ ಅದನ್ನು ಬದಿಗೊತ್ತಿ, ಇಂದಿನ ‘ಟೇಕ್’ ಆಯಿತು. ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಡಿಯ ಜಗಲಿಯಲ್ಲಿ ಬೆರೆಯುವ ಊರಿನವನಾದ ನಾನು ನಾಮಪದಗಳ ಕೊಡುಕೊಳೆಯನ್ನು ದಿನವೂ ಕೇಳುತ್ತೇನೆ. ಇಷ್ಟು ಮೂಲಭೂತವಾದ ಕ್ರಿಯಾಪದವೇ ಬದಲಾಗುವುದು ಮಾತ್ರ ಅಪರೂಪ, ಅದಕ್ಕೆ ಎರಡು ಜನಾಂಗಗಳು ತಲೆಮಾರುಗಟ್ಟಲೆ ಒಟ್ಟಿಗೆ ಬಾಳಿರಬೇಕು.

‘ನಿಮನ್’ ಪೂರ್ತಿ ಅಳಿಯಲಿಲ್ಲ. ಮರಗಟ್ಟಿದ ಕೈಕಾಲಿಗೆ ಹೇಳುವ ‘ನಮ್’ ಎಂಬ ಪದ ಅದರದೇ ಕೃದಂತ ರೂಪ, ‘ಹಿಡಿಯಲ್ಪಟ್ಟದ್ದು’ ಎಂದು ಅದರ ಮೂಲಾರ್ಥ. ನಮ್ಮ ಮನೆಯಲ್ಲೂ ಹಾಗೆಯೇ ಹೇಳುತ್ತೇವೆ: ಕಾಲಿಗೆ ಜೋಮು ಹಿಡಿದಿದೆ.