ಮುಳ್ಳಯ್ಯನಗಿರೀಲಿ ಹಿಮ ಯಾವಾಗ ಬೀಳತ್ತೆ ಮಾವ?

ಡಿಸೆಂಬರಲ್ಲಿ ತಂಗಿ ಮಗ ಒಂದು ವಿಡಿಯೋ ಕಳಿಸಿದ್ದ. ಕಾಫಿ ತೋಟದ ಮಧ್ಯದ ದಾರಿ, ಎರಡೂ ಕಡೆ ಬೆಳ್ಳಗೆ, ಯಾರೋ ಇಬ್ಬರು ಹುಡುಗ್ರು ಬೊಗಸೇಲಿ ತುಂಬ್ಕೊಂಡು ಒಬ್ರ ಮೇಲೊಬ್ರು ಎರಚ್ತಾ ಇದಾರೆ, ಕೆಳಗೆ ದಪ್ಪ ಅಕ್ಷರದಲ್ಲಿ ಚಿಕ್ಕಮಗಳೂರಲ್ಲಿ ಹಿಮಪಾತ, ಇನ್ನು ಕಾಶ್ಮೀರ ಯಾಕೆ ಅಂತ. ಹಿಂದೇನೇ ಅವನ ಮೆಸೇಜು, ‘ಮುಳ್ಳಯ್ಯನಗಿರೀಲಿ ಯಾವಾಗ ಬೀಳತ್ತೆ ಮಾವ, ನೀನು ಹವಾಮಾನ ನೋಡ್ತೀಯಲ್ಲ ಹೇಳು, ಸ್ಕೂಲಿಗೆ ರಜ ಹಾಕ್ತೀನಿ’.

ಆ ವಿಡಿಯೋನ ಎರಡು ಸಲ ನೋಡಿದೆ ಅಷ್ಟೇ, ಸಿಕ್ಕಿಬಿತ್ತು. ಡಿಸೆಂಬರ್ ಅಂದ್ರೆ ಗಿಡದಲ್ಲಿ ಹಣ್ಣಿರಬೇಕು, ಕೊಯ್ಲು ನಡೀತಿರತ್ತೆ. ಇಲ್ಲಿ ರೆಂಬೇಲಿ ಒಂದು ಹಣ್ಣಿಲ್ಲ, ಕಂದು ಬಣ್ಣಕ್ಕೆ ತಿರುಗಿದ ಹೂ ಮಾತ್ರ ಗೊಂಚಲು ಗೊಂಚಲಾಗಿ ಅಂಟ್ಕೊಂಡಿದೆ, ಅಂದ್ರೆ ಇದು ಹೂಮಳೆ, ಅದೇ ಕಾಫಿ ಹೂ ಅರಳಿಸೋ ಮಳೆ, ಆದ್ಮೇಲಿನ ಮಾರ್ಚ್ ಇಲ್ಲ ಏಪ್ರಿಲ್. ಎಲೆ ಎಲ್ಲಾ ಹರಿದು ಚಿಂದಿ ಚಿಂದಿ. ಹಿಮ ಬಿದ್ರೆ ಎಲೆ ಹರಿಯಲ್ಲ ಕಣೋ, ಅದು ಆಲಿಕಲ್ಲು, ಆ ತೋಟದ ಯಜಮಾನ ಆವತ್ತು ಊಟ ಮಾಡಿರಲ್ಲ ಅಂತ ವಾಪಸ್ ಬರೆದೆ. ಅವನು ಒಂದು ಅಳೋ ಮುಖ ಹಾಕಿದ.

ನಮ್ಮಲ್ಲಿ ಹಿಮ ಅನ್ನೋ ಪದಾನೇ ಬೇರೆ ಥರ ಬಳಕೇಲಿದೆ ನೋಡಿ. ಅಜ್ಜಿ ಇದ್ದಾಗ ಸಂಜೆ ಆರೂವರೆ ಆಯ್ತು ಅಂದ್ರೆ ಸಾಕು, ‘ಹಿಮ ಬೀಳ್ತಾ ಇದೆ, ತಲೆಗೇನಾದ್ರೂ ಕಟ್ಕೋ’ ಅನ್ನೋಳು. ಇಬ್ಬನೀನೂ ಹಿಮಾನೇ, ಬೆಳಗಿನ ಕಾವಳಾನೂ ಹಿಮಾನೇ. ಮಂಜು ಅಂದ್ರೂ ಅದೇ ಗೋಳು, ಪೇಪರ್‌ನವರು ಮಂಜು ಮುಸುಕಿದ ಗಿರಿ ಅಂತ ಬರೆದ್ರೆ ಬೆಂಗಳೂರಿಂದ ಬರೋರು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಸೀತಾಳಯ್ಯನಗಿರಿ ಹತ್ರ ಕಾರ್ ನಿಲ್ಲಿಸಿ ಹುಡುಕ್ತಾರೆ. ಹಂಗಾಗಿ ಹುಡುಗನ ತಪ್ಪೇನಿಲ್ಲ ಬಿಡಿ.

ನನಗೆ ಈ ಹವಾಮಾನ ನೋಡೋ ಹುಚ್ಚು ಹಿಡಿದಿದ್ದು 2021ರ ನವೆಂಬರಲ್ಲಿ. ಅದು ಲಾ ನಿನ್ಯಾ ವರ್ಷ, ಅಂದ್ರೆ ಪೆಸಿಫಿಕ್ ಸಮುದ್ರದ ನೀರು ವಾಡಿಕೆಗಿಂತ ತಣ್ಣಗಿದ್ದ ವರ್ಷ. ಲಾ ನಿನ್ಯಾ ಇದ್ರೆ ಹಿಂಗಾರು ಮಳೆ ಕಮ್ಮಿ ಆಗೋ ಸಾಧ್ಯತೆ ಜಾಸ್ತಿ ಅಂತ ಎಲ್ಲೋ ಓದಿ, ಓದಿದ್ದು ಸಾಲ್ದು ಅಂತ ಅಪ್ಪನಿಗೂ ಪಕ್ಕದ ತೋಟದವರಿಗೂ ಭಾರೀ ಗೊತ್ತಿರೋನ ಥರ ಹೇಳ್ಕೊಂಡು ಬಂದಿದ್ದೆ. ಆ ತಿಂಗಳು ಮಳೆ ಬಿಡಲೇ ಇಲ್ಲ. ಚಿಕ್ಕಮಗಳೂರು, ಹಾಸನ, ಕೊಡಗು ಎಲ್ಲಾ ಕಡೆ ಹಣ್ಣಾದ ಅರೇಬಿಕಾ ಒಡೆದು ನೆಲಕ್ಕೆ ಬಿತ್ತು. ಹಣ್ಣಿನ ಸಿಪ್ಪೆ ತೆಗೆದು, ಅಂದ್ರೆ ಪಲ್ಪ್ ಮಾಡಿ, ಕಣದಲ್ಲಿ ಒಣಗೋಕೆ ಹಾಕಿದ್ದ ಬೀಜ, ಅದೇ ಪಾರ್ಚ್‌ಮೆಂಟು, ಟಾರ್ಪಾಲ್ ಕೆಳಗೆ ಐದು ದಿನ ಬೆವೆತುಬಿಡ್ತು. ಮಾರೋಕೆ ತಗೊಂಡು ಹೋದ್ರೆ ವ್ಯಾಪಾರಿ ಒಂದು ಹಿಡಿ ತೆಗೆದು ಮೂಗಿನ ಹತ್ರ ಹಿಡಿದ, ಏನೂ ಮಾತಾಡಲಿಲ್ಲ, ಚೀಟಿ ಮೇಲೆ ರೇಟ್ ಬರೆದು ನನ್ನ ಕಡೆ ತಳ್ಳಿದ. ಅಪ್ಪನೂ ಏನೂ ಅನ್ನಲಿಲ್ಲ. ಜೀಪಲ್ಲಿ ವಾಪಸ್ ಬರ್ತಾ ಮಾತ್ರ ‘ನಿನ್ ಹುಡುಗಿ ಏನಂತಾಳೆ’ ಅಂದ್ರು. ಲಾ ನಿನ್ಯಾ ಅಂದ್ರೆ ಸ್ಪ್ಯಾನಿಷಲ್ಲಿ ಹುಡುಗಿ ಅಂತ ನಾನೇ ಹಿಂದಿನ ವಾರ ಹೇಳ್ಕೊಟ್ಟಿದ್ದೆ.

ಆವತ್ತಿಂದ ಒಂದು ನೋಟ್‌ಬುಕ್ ಇಟ್ಕೊಂಡಿದೀನಿ. ಮಳೆ ಲೆಕ್ಕ ಅಪ್ಪನ ಕಾಲದಿಂದ್ಲೂ ಇತ್ತು, ಇಂಚು ಸೆಂಟ್ಸ್ ಲೆಕ್ಕ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್), ತೋಟದವರಿಗೆ ಮಿಲಿಮೀಟರ್ ಇವತ್ತಿಗೂ ನಾಲಿಗೆಗೆ ಹತ್ತಲ್ಲ. ನಾನು ಅದರ ಪಕ್ಕ ಒಂದು ಕಾಲಂ ಸೇರಿಸಿದೆ, ಯಾವ ಮಾಡೆಲ್, ಅಂದ್ರೆ ಕಂಪ್ಯೂಟರ್ ಹಾಕೋ ಹವಾಮಾನದ ಲೆಕ್ಕ, ಎಷ್ಟು ದಿನ ಮುಂಚೆ ಏನು ಹೇಳಿತ್ತು, ಆಮೇಲೆ ಆಗಿದ್ದೇನು. ಅಮೆರಿಕದ ಜಿಎಫ್‌ಎಸ್ ಅನ್ನೋ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡತ್ತೆ, 16 ದಿನದವರೆಗೂ ತೋರಿಸತ್ತೆ, ಬೆಳಗಿನದ್ದು ನಮಗೆ ಒಂಬತ್ತು ಗಂಟೆ ಮೇಲೆ ನಿಧಾನಕ್ಕೆ ಬರೋಕೆ ಶುರು. ಯುರೋಪಿನದ್ದು ಮಧ್ಯಾಹ್ನದ ಹೊತ್ತಿಗೆ. ಜಿಎಫ್‌ಎಸ್‌ದು ಒಂದು ಚಾಳಿ ಇದೆ, ಹನ್ನೆರಡು ಹದಿಮೂರನೇ ದಿನಕ್ಕೆ ಬಂಗಾಳ ಕೊಲ್ಲಿ ಮಧ್ಯ ಒಂದು ರಾಕ್ಷಸ ಚಂಡಮಾರುತ ತಂದು ಕೂರಿಸತ್ತೆ, ಮಾರನೇ ದಿನ ನೋಡಿದ್ರೆ ಅದು ಅಲ್ಲಿರೋದೇ ಇಲ್ಲ. ಮೊದಲನೇ ವರ್ಷ ಅಂಥದ್ದೊಂದನ್ನ ನಂಬ್ಕೊಂಡು ಎರಡು ದಿನ ಕೊಯ್ಲು ನಿಲ್ಲಿಸಿ ಆಳುಗಳಿಗೆ ಬರಬೇಡಿ ಅಂದಿದ್ದೆ. ಆ ಎರಡು ದಿನ ಆಕಾಶ ತೊಳೆದಿಟ್ಟ ತಟ್ಟೆ ಥರ ಇತ್ತು.

ಇದು ಯಾಕೆ ಹಿಂಗೆ ಅಂತ ಕೆದಕ್ತಾ ಹೋದಾಗ ಸಿಕ್ಕಿದ್ದು ಎಡ್ವರ್ಡ್ ಲೊರೆಂಜ್ ಅನ್ನೋ ಹವಾಮಾನ ವಿಜ್ಞಾನಿ ಕಥೆ. 1961ರಲ್ಲಿ ಕಂಪ್ಯೂಟರಲ್ಲಿ ಹವಾಮಾನದ ಲೆಕ್ಕ ಓಡಿಸ್ತಿದ್ದ ಆತ, ಅರ್ಧದಿಂದ ಮತ್ತೆ ಓಡಿಸೋಣ ಅಂತ 0.506127 ಹಾಕೋ ಕಡೆ 0.506 ಅಂತ ಹಾಕಿ ಕಾಫಿ ಕುಡಿಯೋಕೆ ಹೋದ, ವಾಪಸ್ ಬಂದು ನೋಡಿದ್ರೆ ಹವಾಮಾನ ಪೂರ್ತಿ ಬೇರೇನೇ ಆಗ್ಬಿಟ್ಟಿತ್ತು. ಇವತ್ತಿನ ಗಾಳಿ, ತೇವ, ಉಷ್ಣಾಂಶ ಪ್ರಪಂಚದ ಪ್ರತಿ ಮೂಲೇಲೂ ಅಷ್ಟು ಕರಾರುವಾಕ್ಕಾಗಿ ಯಾರು ಅಳೀತಾರೆ, ಸಮುದ್ರದ ಮಧ್ಯ ಯಾರು ಕೂತಿದಾರೆ, ಅಲ್ಲಿನ ಚೂರು ತಪ್ಪು ಬೆಳೀತಾ ಬೆಳೀತಾ ಎರಡು ವಾರದ ಹೊತ್ತಿಗೆ ಎಲ್ಲಾ ನುಂಗಿಹಾಕತ್ತೆ. ಅದಕ್ಕೇ ಯುರೋಪಿನವರು ಒಂದೇ ಲೆಕ್ಕಾನ ಶುರುವನ್ನ ಚೂರು ಚೂರು ಬದಲಾಯಿಸಿ 51 ಸಲ ಮಾಡ್ತಾರೆ. 51ರಲ್ಲಿ 40 ಮಳೆ ಅಂದ್ರೆ ಟಾರ್ಪಾಲ್ ಎಳೀತೀನಿ. 10 ಅಂದ್ರೆ ಟಾರ್ಪಾಲ್ ಕಣದ ಪಕ್ಕ ತಂದಿಡ್ತೀನಿ. 25 ಅಂದ್ರೆ ಅಮ್ಮನ್ನ ಕೇಳ್ತೀನಿ, ಅವಳಿಗೆ ಮೊಣಕಾಲು ಹೇಳತ್ತೆ.

ಎರಡು ವಾರಕ್ಕಿಂತ ಆಚೆ ಅಂದ್ರೆ ದಿನದ ಮಾತೇ ಇಲ್ಲ, ಬರೀ ಸಾಧ್ಯತೆಯ ಮಾತು. ಮೂರು ನಾಲ್ಕು ವಾರಕ್ಕೆ ಸ್ವಲ್ಪ ಆಸರೆ ಎಂಜೆಓ, ಮೋಡದ ಒಂದು ದೊಡ್ಡ ದಂಡು, ಸಮಭಾಜಕದ ಮೇಲೆ ಪೂರ್ವಕ್ಕೆ ಹೋಗ್ತಾ 30ರಿಂದ 60 ದಿನಕ್ಕೆ ಒಂದು ಸುತ್ತು ಬರತ್ತೆ, 1971ರಲ್ಲಿ ಮ್ಯಾಡನ್ ಮತ್ತೆ ಜೂಲಿಯನ್ ಅನ್ನೋ ಇಬ್ಬರು ಕಂಡುಹಿಡಿದಿದ್ದು. ಅದು ಹಿಂದೂ ಮಹಾಸಾಗರದ ಮೇಲಿದ್ದಾಗ ಕೊಲ್ಲೀಲಿ ವಾಯುಭಾರ ಕುಸಿತ ಹುಟ್ಟೋಕೆ ಹದ ಜಾಸ್ತಿ. ಇಡೀ ಚಳಿಗಾಲಕ್ಕೆ ಅಂದ್ರೆ ಪೆಸಿಫಿಕ್ ಸಮುದ್ರದ ಕಾವು. ಅಲ್ಲಿ ಮಧ್ಯದ ಒಂದು ಪಟ್ಟೇಲಿ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ತಣ್ಣಗಾಗಿ ತಿಂಗಳುಗಟ್ಟಲೆ ಹಂಗೇ ಉಳಿದ್ರೆ ಲಾ ನಿನ್ಯಾ, ಅರ್ಧ ಡಿಗ್ರಿ ಬಿಸಿಯಾದ್ರೆ ಎಲ್ ನಿನ್ಯೋ. ಇದು ಪಗಡೆಕಾಯಿ ಒಂದು ಕಡೆ ಚೂರು ಭಾರ ಮಾಡಿದ ಹಾಗೆ, ಹತ್ತು ಸಲ ಹಾಕಿದ್ರೆ ಗೊತ್ತಾಗತ್ತೆ, ಒಂದು ಸಲಕ್ಕೆ ಏನೂ ಹೇಳಕ್ಕಾಗಲ್ಲ. 2015ರಲ್ಲಿ ಜೋರು ಎಲ್ ನಿನ್ಯೋ, ಹಿಂಗಾರು ಜಾಸ್ತಿಯಾಗಿ ಚೆನ್ನೈ ಮುಳುಗ್ತು, ಪುಸ್ತಕದಲ್ಲಿದ್ದ ಹಾಗೇ. 2021ರಲ್ಲಿ ಪುಸ್ತಕ ಉಲ್ಟಾ. ನಮ್ಮ ಪಾಲಿಗೆ ಬಂದಿದ್ದು ಆ ಉಲ್ಟಾ.

ಇದು ಗೊತ್ತಿದ್ದೂ ಪ್ರತಿ ಅಕ್ಟೋಬರಲ್ಲಿ ಟೀವಿಯವರು ‘ಈ ಸಲ ದಾಖಲೆ ಚಳಿ, ಮೈ ಕೊರೆಯುವ ಲಾ ನಿನ್ಯಾ’ ಅಂತ ನೀಲಿ ಬಣ್ಣದ ಗ್ರಾಫಿಕ್ಸ್ ಹಾಕ್ಕೊಂಡು ಕೂರ್ತಾರೆ. 2024ರಲ್ಲೂ ಹಂಗೇ ಆಯ್ತು. ಆ ಅಕ್ಟೋಬರ್ ನೋಡಿದ್ರೆ 1901ರಿಂದೀಚೆಗೆ ದೇಶದ ಅತಿ ಬಿಸಿ ಅಕ್ಟೋಬರ್, ಆ ವರ್ಷಾನೂ ಅತಿ ಬಿಸಿ ವರ್ಷ, ಲಾ ನಿನ್ಯಾ ಬಂತು ಅಂತ ಅಮೆರಿಕದವರು ಘೋಷಣೆ ಮಾಡಿದ್ದು 2025ರ ಜನವರಿ 9ಕ್ಕೆ, ಅದೂ ನರಪೇತಲ. ಹವಾಮಾನ ಇಲಾಖೆಯವರು ಡಿಸೆಂಬರಿಂದ ಫೆಬ್ರವರಿವರೆಗಿಂದು ಕೊಡ್ತಾರಲ್ಲ, ವಾಡಿಕೆಗಿಂತ ಜಾಸ್ತಿ, ವಾಡಿಕೆ, ವಾಡಿಕೆಗಿಂತ ಕಮ್ಮಿ ಅಂತ ಮೂರು ಪಾಲು ಮಾಡಿ, ಅದು ನೋಡೋಕೆ ಸಪ್ಪೆ, ಆದ್ರೆ ಮರ್ಯಾದಸ್ಥ ಸಪ್ಪೆ. ಇನ್ನು ನಮ್ಮ ಚಿಕ್ಕಮಗಳೂರಿನ ಚಳಿಗೆ ಪೆಸಿಫಿಕ್ಕಿಗಿಂತ ಮೋಡ ಮುಖ್ಯ. ರಾತ್ರಿ ಆಕಾಶ ಬಿಚ್ಕೊಂಡು, ಒಣ ಮೂಡಣ ಗಾಳಿ ಇದ್ರೆ ಹಲ್ಲು ಕಟಕಟ. ಕೊಲ್ಲೀಲಿ ಏನೋ ಒಂದು ಎದ್ದು ಇಲ್ಲಿ ಮೋಡ ಕವಿದ್ರೆ ಮೇಲೆ ಕಂಬಳಿ ಹೊದಿಸಿದ ಹಾಗೆ, ಜನವರೀಲೂ ಫ್ಯಾನ್ ಹಾಕ್ಬೇಕು.

ಹುಡುಗನ ಪ್ರಶ್ನೆಗೆ ಬರೋಣ. ಹಿಮ ಬೀಳ್ಬೇಕು ಅಂದ್ರೆ ಮೋಡದಿಂದ ನೆಲದವರೆಗೂ ಹತ್ತಿರತ್ತಿರ ಸೊನ್ನೆ ಇಲ್ಲ ಅದಕ್ಕಿಂತ ಕಮ್ಮಿ ಇರಬೇಕು. ನಾವಿರೋದು 13 ಡಿಗ್ರಿ ಉತ್ತರದಲ್ಲಿ, ಇಲ್ಲಿ ಚಳಿಗಾಲದಲ್ಲೂ ಗಾಳಿ ಸೊನ್ನೆ ಡಿಗ್ರಿ ಮುಟ್ಟೋದು ಸುಮಾರು ನಾಲ್ಕೂವರೆ ಐದು ಸಾವಿರ ಮೀಟರ್ ಮೇಲೆ. ಮುಳ್ಳಯ್ಯನಗಿರಿ 1,930 ಮೀಟರ್. ಅದರ ನೆತ್ತಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದರ ಮೇಲೆ ಕುದುರೆಮುಖ ಅರ್ಧ ಕಡಿದು ತಂದಿಟ್ರೆ ಆಗ ಮಾತಾಡಬಹುದು. ‘ಮತ್ತೆ ಶಿಮ್ಲಾ?’ ಅಂದ ಹುಡುಗ. ಒಳ್ಳೇ ಪ್ರಶ್ನೆ. ಶಿಮ್ಲಾನೂ ಊಟಿನೂ ಎತ್ತರದಲ್ಲಿ ಹೆಚ್ಚುಕಮ್ಮಿ ಒಂದೇ, ಎರಡೂ 2,200 ಮೀಟರ್ ಆಸುಪಾಸು. ಆದ್ರೆ ಶಿಮ್ಲಾ 31 ಡಿಗ್ರೀಲಿದೆ, ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ಗಾಳೀಲಿ ತೇಲ್ಕೊಂಡು ಬರೋ ವಾಯುಭಾರ ಕುಸಿತ, ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರೆ, ಅಲ್ಲಿಗೆ ತೇವಾನೂ ತರತ್ತೆ, ಅಲ್ಲಿನ ಗಾಳಿ ಆಗಲೇ ಥಂಡಿ ಹಿಡಿದಿರತ್ತೆ. ಆ ಥಂಡಿ ನೀಲಗಿರಿವರೆಗೆ ಬರಲ್ಲ. ಊಟೀಲಿ ಬೆಳ್ಳಗೆ ಕಾಣೋದು ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ, ಅಲ್ಲೂ ಮುನ್ನಾರಲ್ಲೂ ಅದೇ ಕೂತು ಟೀ ಎಲೆ ಸುಟ್ಟ ಹಾಗಾಗತ್ತೆ. ಮೇಲಿಂದ ಬಿದ್ದಿದ್ದಲ್ಲ, ಕೆಳಗೇ ಹುಟ್ಟಿದ್ದು.

ಇಂಗ್ಲೆಂಡಿನವರು ಡಿಸೆಂಬರ್ 25ಕ್ಕೆ ಹಿಮ ಬೀಳತ್ತಾ ಇಲ್ವಾ ಅಂತ ದುಡ್ಡು ಕಟ್ತಾರಂತೆ, ಆ ದಿನದ 24 ಗಂಟೇಲಿ ಒಂದೇ ಒಂದು ಚೂರು ಬೀಳೋದು ಕಂಡ್ರೂ ಅವರ ಹವಾಮಾನ ಇಲಾಖೆ ಲೆಕ್ಕದಲ್ಲಿ ಬಿದ್ದ ಹಾಗೇ. ನಮ್ಮೂರಲ್ಲಿ ಆ ಜೂಜು ನಡೆಸೋನು ಒಂದು ಪೈಸೆ ಕಳ್ಕೊಳಲ್ಲ.

ಆದ್ರೂ ಹಿಮಕ್ಕೂ ನಮಗೂ ಸಂಬಂಧ ಇಲ್ಲ ಅಂತಲ್ಲ. 1876ರಿಂದ 78ರವರೆಗೆ ಧಾತು ಈಶ್ವರ ಸಂವತ್ಸರಗಳ ಬರ ಬಂತಲ್ಲ, ಮೈಸೂರು ಸೀಮೇಲಿ ಜನ ಹುಳುಗಳ ಥರ ಸತ್ರು, ಆಮೇಲೆ ಸರ್ಕಾರ ಮಳೆ ಮುಂಚೇನೇ ಹೇಳೋಕಾಗತ್ತಾ ಅಂತ ಹವಾಮಾನ ಇಲಾಖೆಯ ಬ್ಲಾನ್‌ಫರ್ಡ್ ಅವರನ್ನ ಕೇಳ್ತು. ಅವರು ಹಿಡ್ಕೊಂಡ ದಾರ ಹಿಮಾಲಯದ ಹಿಮ, ಚಳಿಗಾಲದಲ್ಲಿ ಅಲ್ಲಿ ಹಿಮ ಜಾಸ್ತಿ ಬಿದ್ರೆ ಮುಂದೆ ಮುಂಗಾರು ಕಮ್ಮಿ ಅಂತ. 1886ರಲ್ಲಿ ಮೊದಲನೇ ಸಲ ಇಡೀ ದೇಶಕ್ಕೆ ಮುಂಗಾರಿನ ಮುನ್ಸೂಚನೆ ಕೊಟ್ರು. ಆಮೇಲೆ ಅದು ಪ್ರತಿ ಸಲ ಹಂಗೇ ನಡೆಯಲಿಲ್ಲ ಅನ್ನಿ, ಅದಕ್ಕೇ ಮುಂದೆ ಅದೇ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಬಂದು ಪ್ರಪಂಚದ ಒತ್ತಡದ ಅಂಕಿ ಎಲ್ಲಾ ಗುಡ್ಡೆ ಹಾಕ್ಕೊಂಡು ಹುಡುಕಿ ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿಳಿಯೋ ಉಯ್ಯಾಲೇನ ಕಂಡಿದ್ದು, ಲಾ ನಿನ್ಯಾ ಎಲ್ ನಿನ್ಯೋ ಜೊತೆ ತೂಗೋದು ಅದೇ. ಅಂದ್ರೆ ಟೀವಿಯವರ ಆ ನೀಲಿ ಗ್ರಾಫಿಕ್ಸಿನ ಬೇರು ನಮ್ಮ ದೇಶದ ಬರದಲ್ಲಿದೆ.

ಪಕ್ಕದ ತೋಟದ ಅಜ್ಜಯ್ಯನದ್ದು ಇದಕ್ಕಿಂತ ಹಳೇ ಮಾಡೆಲ್. ಮಾರ್ಗಶಿರ ಪುಷ್ಯದಲ್ಲಿ ಮೋಡ ಕಟ್ಟಿದ್ರೆ ‘ಗರ್ಭ ನಿಂತಿದೆ’ ಅಂತಾರೆ. 195 ದಿನಕ್ಕೆ ಹೆರಿಗೆ, ವರಾಹಮಿಹಿರನ ಬೃಹತ್ಸಂಹಿತೇಲಿ ಇರೋ ಲೆಕ್ಕ. ಡಿಸೆಂಬರ್ 15ಕ್ಕೆ ಕಟ್ಟಿದ ಮೋಡ ಜೂನ್ 28ಕ್ಕೆ ಸುರೀಬೇಕು. ನಾಲ್ಕು ವರ್ಷ ಅವರು ಹೇಳಿದ ದಿನಗಳನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಬಹುತೇಕ ಎಲ್ಲಾ ಸರಿ. ಆದ್ರೆ ಸ್ವಾಮಿ, ಜೂನ್ ಕೊನೇಲಿ ಮಲೆನಾಡಲ್ಲಿ ಮಳೆ ಬರದೇ ಇರೋ ದಿನ ಯಾವುದು ಹೇಳಿ. ಅಜ್ಜಯ್ಯನಿಗೆ ಇದನ್ನ ಹೇಳಿಲ್ಲ, ಹೇಳೋದೂ ಇಲ್ಲ.

ಸಂಕ್ರಾಂತಿಗೆ ತಂಗಿ ಮಗ ಬಂದ. ಹಿಮ ಇಲ್ಲ ಅಂತ ಮುಖ ಸಪ್ಪೆ ಮಾಡ್ಕೊಂಡಿದ್ದ. 1775ರಲ್ಲಿ ರಾಬರ್ಟ್ ಬಾರ್ಕರ್ ಅನ್ನೋರು ಬರೆದಿರೋದು ಓದಿದ್ದೆ, ಅಲಹಾಬಾದ್ ಕಡೆ ಚಳಿಗಾಲದ ರಾತ್ರಿ ಬಯಲಲ್ಲಿ ಗುಂಡಿ ತೋಡಿ, ಒಣ ದಂಟು ಹಾಸಿ, ಅದರ ಮೇಲೆ ಮಣ್ಣಿನ ಅಗಲದ ತಟ್ಟೇಲಿ ತೆಳ್ಳಗೆ ನೀರಿಟ್ಟು ಮಂಜುಗಡ್ಡೆ ಮಾಡ್ತಿದ್ರಂತೆ, ಸುತ್ತಲಿನ ಗಾಳಿ ಸೊನ್ನೆ ಮುಟ್ಟದೇ ಇದ್ರೂ. ನೀರು ತನ್ನ ಶಾಖಾನ ಬಿಚ್ಚಿದ ಆಕಾಶಕ್ಕೆ ಬಿಟ್ಟುಕೊಡತ್ತೆ, ದಂಟು ಕೆಳಗಿಂದ ನೆಲದ ಬಿಸಿ ತಾಗದ ಹಾಗೆ ತಡೆಯತ್ತೆ. ಸರಿ ನಾವೂ ನೋಡೋಣ ಅಂತ ಕಣದ ಮೂಲೇಲಿ ಒಂದು ಮೊಳ ಭತ್ತದ ಹುಲ್ಲು ಹಾಸಿ, ಅಮ್ಮನ ಹಳೇ ಮಣ್ಣಿನ ಕಾವಲಿ ಎರಡು ಇಟ್ಟು, ಬೆರಳಿನ ಒಂದು ಗೆಣ್ಣು ಮುಳುಗೋಷ್ಟು ನೀರು ಹುಯ್ದು ಮಲಗಿದ್ವಿ. ರಾತ್ರಿ ಒಂದು ಚೂರು ಮೋಡ ಇರಲಿಲ್ಲ, ನಕ್ಷತ್ರ ಉದುರೋ ಹಾಗಿತ್ತು.

ಬೆಳಗ್ಗೆ ಐದೂ ಮುಕ್ಕಾಲಿಗೆ ಅವನೇ ಎಬ್ಬಿಸಿದ. ಕಂಬಳಿ ಹೊದ್ಕೊಂಡು ಇಬ್ಬರೂ ಟಾರ್ಚ್ ಹಿಡಿದು ಹೋದ್ವಿ. ಜಗಲಿ ಥರ್ಮಾಮೀಟರಲ್ಲಿ 11 ಡಿಗ್ರಿ. ಹುಲ್ಲಿನ ಮೇಲೆಲ್ಲಾ ಇಬ್ಬನಿ, ಕಾವಲಿ ನೀರಲ್ಲಿ ಒಂದು ಸಿಲ್ವರ್ ಓಕ್ ಮರದ ಎಲೆ ಬಿದ್ದಿತ್ತು, ನೀರೊಳಗೆ ಥರ್ಮಾಮೀಟರ್ ಅದ್ದಿ ಹಿಡಿದ್ರೆ 8. ಮೂರು ಡಿಗ್ರಿ ಕೆಳಗೆ! ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ನೋಟ್‌ಬುಕ್ ತರೋಕೆ ಬರಿಗಾಲಲ್ಲೇ ಓಡಿದೆ. ವಾಪಸ್ ಬರೋ ಅಷ್ಟರಲ್ಲಿ ಅವನು ಬೆರಳು ಅದ್ದಿ ನೋಡಿ ಒಳಗೆ ಹೊರಟಿದ್ದ. ‘ಫ್ರಿಜ್ ನೀರಿನಷ್ಟೂ ತಣ್ಣಗಿಲ್ಲ ಮಾವ’ ಅಂದ.

ಅಪ್ಪ ಆಗ್ಲೇ ಎದ್ದು ಬಂದು ಕಣದ ಆ ಮೂಲೆ ನೋಡ್ತಾ ನಿಂತಿದ್ರು, ಹುಲ್ಲು ತೆಗಿ, ಪಾರ್ಚ್‌ಮೆಂಟ್ ಹರವಬೇಕು ಅಂದ್ರು. ಹನ್ನೊಂದನೇ ದಿನಕ್ಕೆ ಜಿಎಫ್‌ಎಸ್ ಕೊಲ್ಲೀಲಿ ಏನೋ ಒಂದು ಸುತ್ತಿಸಿಟ್ಟಿದೆ, ಈಗಲೇ ಅವರಿಗೆ ಹೇಳಿಲ್ಲ. ಟಾರ್ಪಾಲಲ್ಲಿ ನಾಲ್ಕು ತೂತಿದೆ, ಅದನ್ನ ಮಾತ್ರ ಇವತ್ತೇ ಮುಚ್ಚಿಡ್ತೀನಿ.