ಉಪಗ್ರಹ ಹಾರಿಸಿದವರಿಗೆ ‘ಅಗ್ನಿ’ ಏಕೆ ಅಷ್ಟು ಕಷ್ಟವಾಯಿತು?

ರಕ್ಷಣಾ ತಂತ್ರಜ್ಞಾನದ ಬಗ್ಗೆ ಎಲ್ಲಿ ಮಾತನಾಡಿದರೂ ನನಗೆ ಎದುರಾಗುವ ಪ್ರಶ್ನೆಯೊಂದಿದೆ: ಭಾರತ 1980ರಲ್ಲಿಯೇ ಎಸ್‌ಎಲ್‌ವಿ–3 ರಾಕೆಟ್ಟಿನಿಂದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಮೇಲೆ, ನೆಲದಿಂದ ನೆಲಕ್ಕೆ ಎರಗುವ ‘ಅಗ್ನಿ’ ಕ್ಷಿಪಣಿ ಸೇನೆಯ ಕೈಗೆ ಬರಲು ಮತ್ತೆ ಎರಡು ದಶಕ ಏಕೆ ಹಿಡಿಯಿತು? ಎರಡೂ ರಾಕೆಟ್ಟೇ ಅಲ್ಲವೇ?

ರಾಕೆಟ್ಟೇ ಹೌದು. 1989ರ ಮೇ 22ರಂದು ಒಡಿಶಾದ ಚಾಂದಿಪುರದಿಂದ ಹಾರಿದ ಮೊದಲ ಅಗ್ನಿಯ ಕೆಳ ಹಂತದಲ್ಲಿದ್ದದ್ದು ಎಸ್‌ಎಲ್‌ವಿ–3ರ ಮೊದಲ ಹಂತದ ಘನ ಇಂಧನದ ಮೋಟಾರು. ಮೇಲಿನ ಹಂತವನ್ನು ಹಿಂದಿನ ವರ್ಷವಷ್ಟೇ ಪರೀಕ್ಷೆಗೊಂಡಿದ್ದ ‘ಪೃಥ್ವಿ’ಯ ದ್ರವ ಇಂಧನದ ಎಂಜಿನ್‌ನಿಂದ ರೂಪಿಸಲಾಗಿತ್ತು. ಎಸ್‌ಎಲ್‌ವಿ ಯೋಜನೆಯನ್ನು ಮುನ್ನಡೆಸಿದ್ದ ಅಬ್ದುಲ್ ಕಲಾಂ ಅವರೇ ಇಸ್ರೊದಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಬಂದು, 1983ರಲ್ಲಿ ಆರಂಭವಾದ ಸಮಗ್ರ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮದ ಹೊಣೆ ಹೊತ್ತಿದ್ದರು. ಕೇಳುವವರ ತರ್ಕಕ್ಕೆ ಇಷ್ಟರಮಟ್ಟಿಗೆ ಆಧಾರವಿದೆ. ಆದರೆ ಉಪಗ್ರಹವನ್ನು ಮೇಲೆ ಬಿಟ್ಟಲ್ಲಿಗೆ ವಾಹಕದ ಕೆಲಸ ಮುಗಿಯುತ್ತದೆ. ಕ್ಷಿಪಣಿಯ ಸಿಡಿತಲೆ ಕೆಳಗಿಳಿದು ಬರಬೇಕು.

ಎರಡು ಸಾವಿರ ಕಿ.ಮೀ. ದೂರದ ಗುರಿಗೆ ಹೊರಟ ಸಿಡಿತಲೆಯು ವಾತಾವರಣವನ್ನು ಮರಳಿ ಹೊಗುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4 ಕಿ.ಮೀ. ಇರುತ್ತದೆ. ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತಿಲ್ಲದೆ, ಅದು ಮೂತಿಯ ಮುಂದೆಯೇ ಒತ್ತಿಕೊಂಡು ಸಾವಿರಾರು ಡಿಗ್ರಿಗಳಷ್ಟು ಕಾಯುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಉಪಕರಣಗಳು ಮಾತ್ರ ಬಿಸಿಲುಗಾಲದ ಕೋಣೆಯಷ್ಟೇ ಬೆಚ್ಚಗಿರಬೇಕು. ಇದಕ್ಕೆ ಬೇಕಾದ ಕಾರ್ಬನ್-ಕಾರ್ಬನ್ ಕವಚವನ್ನು ಮಾಡುವ ಕ್ರಮವೇ ತಾಳ್ಮೆ ಪರೀಕ್ಷಿಸುವಂಥದ್ದು: ಇಂಗಾಲದ ಎಳೆಗಳನ್ನು ನೇಯ್ದು, ರಾಳ ತುಂಬಿ, ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು, ಉಳಿದ ಸೂಕ್ಷ್ಮ ರಂಧ್ರಗಳಿಗೆ ಮತ್ತೆ ತುಂಬಿ ಮತ್ತೆ ಸುಡಬೇಕು. ಮೂತಿ ಒಂದು ಬದಿಯಲ್ಲಿ ಹೆಚ್ಚು ಸವೆದರೂ ಸಿಡಿತಲೆ ದಾರಿ ತಪ್ಪುತ್ತದೆ. 1987ರಲ್ಲಿ ಶ್ರೀಮಂತ ರಾಷ್ಟ್ರಗಳು ಕ್ಷಿಪಣಿ ತಂತ್ರಜ್ಞಾನದ ರಫ್ತಿಗೆ ಕಡಿವಾಣ ಹಾಕಿದ್ದರಿಂದ ಇಂಥದ್ದನ್ನು ಕೊಳ್ಳುವ ದಾರಿಯೂ ಇರಲಿಲ್ಲ. ಮೊದಲ ಅಗ್ನಿಯನ್ನು ಸರ್ಕಾರ ಆಯುಧವೆನ್ನದೆ ‘ತಂತ್ರಜ್ಞಾನ ಪ್ರದರ್ಶಕ’ ಎಂದು ಕರೆದದ್ದರಲ್ಲಿ ರಾಜತಾಂತ್ರಿಕ ಜಾಣತನವಿತ್ತು, ಆದರೂ ಆ ಮಾತು ಸುಳ್ಳಾಗಿರಲಿಲ್ಲ.

ಗುರಿಯ ಲೆಕ್ಕವೂ ಸಣ್ಣದಲ್ಲ. ಇಷ್ಟು ದೂರದ ಹಾರಾಟದಲ್ಲಿ ಎಂಜಿನ್ ಆರುವ ಗಳಿಗೆಯ ವೇಗದಲ್ಲಿ ಸೆಕೆಂಡಿಗೆ ಒಂದು ಮೀಟರ್ ಹೆಚ್ಚುಕಡಿಮೆಯಾದರೆ ಸಿಡಿತಲೆ ಬೀಳುವ ಜಾಗ ಸುಮಾರು ಒಂದು ಕಿಲೋಮೀಟರ್ ಆಚೀಚೆಯಾಗುತ್ತದೆ.

ಇನ್ನೊಂದು ತೊಡಕನ್ನು ಕೇಳುವವರು ಸಾಮಾನ್ಯವಾಗಿ ಯೋಚಿಸಿರುವುದಿಲ್ಲ. ಉಪಗ್ರಹ ವಾಹಕವನ್ನು ವಿಜ್ಞಾನಿಗಳೇ ಶ್ರೀಹರಿಕೋಟದಲ್ಲಿ ವಾರಗಟ್ಟಲೆ ಜೋಡಿಸಿ, ಹವಾಮಾನ ನೋಡಿ ಹಾರಿಸುತ್ತಾರೆ. ಕ್ಷಿಪಣಿಯಾದರೋ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು, ಆದೇಶ ಬಂದ ಕೆಲವೇ ನಿಮಿಷಗಳಲ್ಲಿ ಸೈನಿಕರ ಕೈಯಲ್ಲಿ ಹಾರಬೇಕು. ನೈಟ್ರಿಕ್ ಆಮ್ಲ ಬಳಸುವ ಪೃಥ್ವಿಯಂಥ ದ್ರವ ಇಂಧನದ ಕ್ಷಿಪಣಿಯನ್ನು ಯುದ್ಧಭೂಮಿಯಲ್ಲಿ ನಿಭಾಯಿಸುವುದೆಂದರೆ ಟ್ಯಾಂಕರುಗಳು, ರಕ್ಷಣಾ ಉಡುಪು, ಸೋರಿಕೆಯ ಭಯ. ಆದ್ದರಿಂದಲೇ 1999ರ ಏಪ್ರಿಲ್ 11ರಂದು ಹಾರಿದ ಅಗ್ನಿ–2ರಲ್ಲಿ ಎರಡೂ ಹಂತಗಳು ಘನ ಇಂಧನದವಾದವು. ನನ್ನ ಮಟ್ಟಿಗೆ ನಿಜವಾದ ಆಯುಧ ಹುಟ್ಟಿದ್ದು ಆ ದಿನವೇ ಹೊರತು 1989ರಲ್ಲಲ್ಲ. 2012ರಲ್ಲಿ ಮೊದಲು ಹಾರಿದ, 5,000 ಕಿ.ಮೀ. ವ್ಯಾಪ್ತಿಯ ಅಗ್ನಿ–5 ಅನ್ನು 2015ರಲ್ಲಿ ಟ್ರಕ್ಕಿನ ಮೇಲಿನ ಮುಚ್ಚಿದ ಕೊಳವೆಯಿಂದಲೇ ಚಿಮ್ಮಿಸಿದ್ದು ಇದೇ ದಾರಿಯ ಮುಂದುವರಿಕೆ.

ಎಲ್ಲ ವಿಳಂಬಕ್ಕೂ ತಂತ್ರಜ್ಞಾನವನ್ನೇ ದೂರುವುದು ನ್ಯಾಯವಲ್ಲ. 1992ರ ಎರಡನೆಯ ಪರೀಕ್ಷೆ ವಿಫಲವಾಗಿ, 1994ರ ಫೆಬ್ರವರಿಯಲ್ಲಿ ಮೂರನೆಯದು ಗೆದ್ದ ಬಳಿಕ ಐದು ವರ್ಷ ಒಂದೂ ಅಗ್ನಿ ಹಾರಲಿಲ್ಲ. ಅಮೆರಿಕದ ಒತ್ತಡದ ಎದುರು ದೆಹಲಿ ಹಿಂಜರಿದ ಕಾಲವದು.

ರಾಕೆಟ್ಟೆಲ್ಲ ಒಂದೇ ಎಂಬ ಭಾವನೆ ನಮ್ಮಲ್ಲಷ್ಟೇ ಇದ್ದದ್ದಲ್ಲ. 1992ರಲ್ಲಿ ರಷ್ಯಾದಿಂದ, ಅತಿ ಶೀತಲ ದ್ರವ ಹೈಡ್ರೋಜನ್ ಉರಿಸುವ ಕ್ರಯೋಜೆನಿಕ್ ಎಂಜಿನ್‌ನ ತಂತ್ರಜ್ಞಾನ ಪಡೆಯಲು ಹೊರಟ ಇಸ್ರೊ ಮೇಲೆ ಅಮೆರಿಕ ಕ್ಷಿಪಣಿಯ ಕಾರಣ ಮುಂದೊಡ್ಡಿ ನಿರ್ಬಂಧ ಹೇರಿತು. ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ತುಂಬಿಕೊಂಡು ಆದೇಶಕ್ಕಾಗಿ ಕಾಯಬಲ್ಲ ಕ್ಷಿಪಣಿ ಯಾವ ಸೇನೆಯಲ್ಲೂ ಇರಲಿಲ್ಲ. ಆದರೂ ರಷ್ಯಾ ಮಣಿಯಿತು; ತಂತ್ರಜ್ಞಾನ ಬಿಟ್ಟು ಏಳು ಎಂಜಿನ್‌ಗಳನ್ನಷ್ಟೇ ಕೊಡಲು ಒಪ್ಪಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್‌ನೊಂದಿಗೆ ಇಸ್ರೊದ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ.