ರಿಪೇರಿ ಬಟನ್ ಒತ್ತುವ ಮೊದಲು: ಟ್ಯಾಕ್ಸ್ ಸಾಫ್ಟ್‌ವೇರಿನ ಡೇಟಾ ಕೆಟ್ಟಾಗ

ಆಟಿ ತಿಂಗಳ ಮಳೆಯೂ ರಿಟರ್ನ್ ಸಲ್ಲಿಸುವ ಗಡಿಬಿಡಿಯೂ ನಮ್ಮೂರಲ್ಲಿ ಜೊತೆಯಾಗಿಯೇ ಬರುತ್ತವೆ. ಜುಲೈ ಕೊನೆಯ ವಾರ, ಮಂಗಳೂರಿನ ಯಾವುದೇ ಟ್ಯಾಕ್ಸ್ ಆಫೀಸು ತೆಗೆದುಕೊಳ್ಳಿ. ಐದು ಕಂಪ್ಯೂಟರು, ಒಂದರ ಡಿಸ್ಕಿನಲ್ಲಿ ಎಲ್ಲ ಪಾರ್ಟಿಗಳ (ಆಫೀಸಿನ ಗಿರಾಕಿಗಳ) ಡೇಟಾ, ಉಳಿದ ನಾಲ್ಕು ಅದಕ್ಕೆ ಕೇಬಲ್ಲಿನಲ್ಲಿ ಜೋಡಣೆ. ಕರೆಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುತ್ತದೆ. ಯಾವ ಕಂಪ್ಯೂಟರೂ ಆರುವುದಿಲ್ಲ, ಆದರೆ ಎರಡರಲ್ಲಿ ಸಾಫ್ಟ್‌ವೇರ್ ಬಿಳುಚಿಕೊಂಡು ನಿಲ್ಲುತ್ತದೆ. ಮುಚ್ಚಿ ತೆರೆದರೆ ಡೇಟಾಬೇಸ್ ಗುರುತು ಸಿಗುತ್ತಿಲ್ಲ ಎಂಬ ಸಂದೇಶ, ಅದರ ಪಕ್ಕದಲ್ಲೇ ರಿಪೇರಿ ಬಟನ್. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ದಯವಿಟ್ಟು ಒತ್ತಬೇಡಿ. ಕರೆಂಟು ಕೆಡಿಸುವುದು ಸಾಮಾನ್ಯವಾಗಿ ಫೈಲಿನ ಒಂದೆರಡು ಪುಟಗಳನ್ನು (ಡೇಟಾ ತುಂಬಿಡುವ ತುಣುಕುಗಳನ್ನು) ಮಾತ್ರ. ರಿಪೇರಿ ಅನ್ನುವುದು ತನಗೆ ಓದಲಾಗದ್ದನ್ನು ಕಿತ್ತೆಸೆದು, ಉಳಿದದ್ದನ್ನು ಸರಿಯಾಗಿ ಜೋಡಿಸಿಕೊಡುವ ಕೆಲಸ. ಇರುವ ಒಂದೇ ಪ್ರತಿಯ ಮೇಲೆ ಅದನ್ನು ಓಡಿಸಿದರೆ ಕಿತ್ತೆಸೆದದ್ದು ಯಾವುದು ಎಂದು ಆಮೇಲೆ ಹುಡುಕಲೂ ಆಗುವುದಿಲ್ಲ. ಹೆಚ್ಚಿನ ಆಫೀಸುಗಳಲ್ಲಿ ನಿಜವಾದ ನಷ್ಟ ಆಗುವುದು ಮೊದಲ ಐದು ನಿಮಿಷದ ಈ ಅವಸರದಲ್ಲಿ.

ಮಾಡಬೇಕಾದದ್ದು ಇಷ್ಟು. ಎಲ್ಲರೂ ಸಾಫ್ಟ್‌ವೇರ್ ಮುಚ್ಚಬೇಕು, ಟಾಸ್ಕ್ ಮ್ಯಾನೇಜರಿನಲ್ಲಿ ಅದು ಹಿನ್ನೆಲೆಯಲ್ಲಿ ಉಳಿದಿಲ್ಲವೆಂದು ನೋಡಬೇಕು. ಡೇಟಾ ಇರುವ ಕಂಪ್ಯೂಟರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್‌ಗೆ ಹೋದರೆ ಯಾರ ಕೈಯಲ್ಲಿ ಫೈಲು ಇನ್ನೂ ತೆರೆದಿದೆ ಎಂದು ಗೊತ್ತಾಗುತ್ತದೆ. ಪಟ್ಟಿ ಖಾಲಿಯಾದ ಮೇಲೆ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೊಂದು ಡಿಸ್ಕಿಗೆ ಕಾಪಿ ಮಾಡಿ. ಅದೇ ಡಿಸ್ಕಿನ ಇನ್ನೊಂದು ಡ್ರೈವ್ ಸಾಲದು. ಹೆಸರಿನಲ್ಲಿ ತಾರೀಕು, ಗಂಟೆ ಮತ್ತು ‘ಕೆಟ್ಟದ್ದು’ ಎಂಬ ಗುರುತು ಇರಲಿ. ಈ ಪ್ರತಿಯನ್ನು ಇನ್ನು ಯಾರೂ ಮುಟ್ಟಬಾರದು. ಪ್ರಯೋಗಗಳೆಲ್ಲ ಅದರ ಇನ್ನೊಂದು ನಕಲಿನ ಮೇಲೆ.

ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಎಂಬ ಮೈಕ್ರೋಸಾಫ್ಟ್ ಡೇಟಾಬೇಸ್ ಬಳಸುತ್ತಿದ್ದರೆ ಕಾಪಿ ಮಾಡುವ ಮುನ್ನ ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಬೇಕು, ಎಂಡಿಎಫ್ (ಡೇಟಾ) ಮತ್ತು ಎಲ್‌ಡಿಎಫ್ (ವ್ಯವಹಾರಗಳ ಲಾಗ್) ಎರಡೂ ಫೈಲು ಒಟ್ಟಿಗೆ ಬರಬೇಕು. ‘ಸಸ್ಪೆಕ್ಟ್’ (ಕೆಟ್ಟಿರುವ ಅನುಮಾನ) ಎಂದು ತೋರಿಸುವ ಡೇಟಾಬೇಸನ್ನು ಡಿಟ್ಯಾಚ್ ಮಾಡಲು (ಸರ್ವರಿನಿಂದ ಬಿಡಿಸಲು) ಹೋಗಬೇಡಿ, ಮತ್ತೆ ಅಟ್ಯಾಚ್ ಆಗದೆ ಕೈಕೊಡುತ್ತದೆ. ಎಲ್‌ಡಿಎಫ್ ದೊಡ್ಡದಾಗಿದೆ, ಬರೀ ಲಾಗ್ ತಾನೇ ಎಂದು ಅಳಿಸುವುದು ಇನ್ನೂ ದೊಡ್ಡ ತಪ್ಪು. ಅರ್ಧಕ್ಕೆ ನಿಂತ ವ್ಯವಹಾರ ಪೂರ್ತಿ ಮಾಡಬೇಕೋ ಹಿಂದೆಗೆಯಬೇಕೋ ಎಂಬ ಲೆಕ್ಕ ಇರುವುದೇ ಅದರಲ್ಲಿ.

ಕಾಪಿಯೇ ಮಧ್ಯದಲ್ಲಿ ಒಂದು ಕಡೆ ಸಿಕ್ಕಿಕೊಂಡು ನಿಂತರೆ ತೊಂದರೆ ಡಿಸ್ಕಿನದ್ದು. ಅಲ್ಲಿಗೆ ಬಿಡಿ. ವಿಂಡೋಸಿನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಕೂಡ ಬೇಡ. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಓದು-ಬರಹ ಮಾಡಿಸಿದರೆ ಉಳಿದದ್ದೂ ಹೋಗುತ್ತದೆ. ಡಿಸ್ಕನ್ನು ಕಳಚಿ, ಡಿಡಿರೆಸ್ಕ್ಯೂ ಥರದ ಸಾಧನದಿಂದ ಮೊದಲು ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚು, ತೆಗೆಯಬೇಕು.

ಕಾಪಿ ಸರಿಯಾಗಿ ಬಂದರೆ ಮುಂದಿನ ಪ್ರಶ್ನೆ: ಕೆಟ್ಟದ್ದು ನಿಜವಾಗಿ ಯಾವುದು? ನಕಲನ್ನು ಇನ್ನೊಂದು ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಹಾಕಿ, ನೆಟ್‌ವರ್ಕ್ ಇಲ್ಲದೆ ಅಲ್ಲಿಯೇ ತೆರೆಯಿರಿ. ಸಲೀಸಾಗಿ ತೆರೆದರೆ ಹೆಚ್ಚಾಗಿ ಡೇಟಾಕ್ಕೆ ಏನೂ ಆಗಿರುವುದಿಲ್ಲ. ಹಳೆಯ ಲಾಕ್ ಫೈಲು, ಫೋಲ್ಡರಿನ ಪರ್ಮಿಷನ್, ಆಂಟಿವೈರಸ್, ಇವುಗಳಲ್ಲಿ ಒಂದು ಅಡ್ಡ ನಿಂತಿದೆ. ಮೈಕ್ರೋಸಾಫ್ಟ್ ಅಕ್ಸೆಸ್ ಡೇಟಾಬೇಸಿನ ಪಕ್ಕದಲ್ಲಿ ಎಲ್‌ಡಿಬಿ ಅಥವಾ ಎಲ್‌ಎಸಿಸಿಡಿಬಿ ಎಂಬ ಬಾಲವಿರುವ ಚಿಕ್ಕ ಫೈಲು ಇರುತ್ತದಲ್ಲ, ಎಲ್ಲರೂ ಹೊರಬಂದ ಮೇಲೂ ಅದು ಉಳಿದಿದ್ದರೆ ಅಳಿಸಬಹುದು. ಯಾರೊಬ್ಬರು ಒಳಗಿದ್ದರೂ ಅಳಿಸಬಾರದು. ನಕಲು ಅಲ್ಲಿಯೂ ತೆರೆಯದಿದ್ದರೆ ಫೈಲೇ ಕೆಟ್ಟಿದೆ. ಇನ್ನು, ಎಲ್ಲ ಪಾರ್ಟಿಗಳೂ ತೆರೆದು ಯಾರೋ ಒಬ್ಬರ ಹೆಸರು ಒತ್ತಿದಾಗ ಮಾತ್ರ ಕ್ರ್ಯಾಶ್ ಆದರೆ ಆ ಒಂದು ದಾಖಲೆಯಲ್ಲಿ ಏನೋ ಸೇರಿಕೊಂಡಿದೆ.

ಈ ಕೊನೆಯದು ನಮ್ಮ ಕಡೆ ಎಷ್ಟು ಸಾಮಾನ್ಯವೆಂದರೆ ಬಿಡಿಸಿ ಹೇಳಲೇಬೇಕು. ಮಂಗಳೂರು, ಉಡುಪಿಯ ಪಾರ್ಟಿ ಪಟ್ಟಿಯಲ್ಲಿ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಇಲ್ಲದಿರುವುದುಂಟೇ? ಆ ‘ಡಿ’ ಅಕ್ಷರದ ಮುಂದಿನ ಒಂಟಿ ಉದ್ಧರಣ ಚಿಹ್ನೆ ಡೇಟಾಬೇಸಿನ ಭಾಷೆಯಲ್ಲಿ ಪಠ್ಯ ಮುಗಿಯಿತು ಎಂಬ ಗುರುತು. ಸರಿಯಾಗಿ ಬರೆದ ಸಾಫ್ಟ್‌ವೇರ್ ಅದನ್ನು ಸಂಭಾಳಿಸುತ್ತದೆ. ಸರಿಯಾಗಿ ಬರೆಯದ್ದು ಹೆಸರನ್ನು ಅರ್ಧಕ್ಕೆ ಕತ್ತರಿಸಿ ಉಳಿದದ್ದನ್ನು ಆಜ್ಞೆ ಎಂದು ಓದಿ ಬೀಳುತ್ತದೆ. ಇದರ ಮೇಲೆ ಮೊಬೈಲು ಮತ್ತು ವರ್ಡ್ ಆ ನೇರ ಚಿಹ್ನೆಯನ್ನು ತಾವಾಗಿ ಬಾಗಿದ ಚಿಹ್ನೆಗೆ ಬದಲಿಸುತ್ತವೆ, ಅದು ಬೇರೆಯೇ ಅಕ್ಷರ. ವಾಟ್ಸಾಪಿನಿಂದ ವಿಳಾಸ ಎತ್ತಿ ಅಂಟಿಸಿದಾಗ ಸಾಲು ಮುರಿಯುವ ಗುರುತು, ಕನ್ನಡ ಅಕ್ಷರ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಎಲ್ಲ ಒಳಗೆ ಬರುತ್ತವೆ. ನೋಟ್‌ಪ್ಯಾಡಿಗೆ ಹಾಕಿ ತೆಗೆದರೆ ಶುದ್ಧವಾಗುತ್ತದೆ ಎಂಬ ನಂಬಿಕೆ ಇದೆ. ಅದು ತೆಗೆಯುವುದು ಬಣ್ಣ, ದಪ್ಪಕ್ಷರ ಇಂಥವನ್ನು ಮಾತ್ರ, ಕಾಣದ ಅಕ್ಷರ ಹಾಗೇ ದಾಟಿ ಬರುತ್ತದೆ. ಆ ಪಾರ್ಟಿಯ ಹೆಸರು, ವಿಳಾಸ, ಇಮೇಲ್ ಅಳಿಸಿ ಕೀಲಿಮಣೆಯಲ್ಲಿ ಕೈಯಾರೆ ಟೈಪ್ ಮಾಡುವುದೇ ನಂಬುವಂಥ ದಾರಿ. ಹೆಸರು ಪ್ಯಾನ್‌ನಲ್ಲಿ ಇದ್ದ ಹಾಗೆಯೇ ಇರಲಿ. ಒಳಗೆ ಹೋಗಲಿಕ್ಕೇ ಆಗದಿದ್ದರೆ ಪಾರ್ಟಿ ಪಟ್ಟಿಯನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಆ ಸಾಲನ್ನು ನೋಡಿ. ಕೆಟ್ಟ ಜಾಗದಲ್ಲಿ ಚೌಕಾಕಾರದ ಗುರುತೋ, ಸಂಬಂಧವಿಲ್ಲದ ಚೀನೀ ಅಕ್ಷರಗಳೋ ಕಾಣುತ್ತವೆ. ಚೀನೀ ಅಕ್ಷರ ಕಂಡರೆ ಬರೀ ಅಂಟಿಸಿದ ಕಸವಲ್ಲ, ಅಕ್ಸೆಸ್ ಫೈಲಿನ ಪುಟವೇ ಹಾಳಾಗಿರುವ ಲಕ್ಷಣ.

ಫೈಲು ಕೆಟ್ಟಿದ್ದು ಖಚಿತವಾದರೆ ರಿಪೇರಿಯ ಸರದಿ, ಅದೂ ನಕಲಿನ ಮೇಲೆ. ಅಕ್ಸೆಸ್ ಫೈಲಾದರೆ ಮೊದಲು ಗಾತ್ರ ನೋಡಿ. 2 ಜಿಬಿ ಅದರ ಮಿತಿ. ಹತ್ತಿರ ಹೋದಾಗ ಕಾರಣವಿಲ್ಲದೆ ಬೀಳುವುದು ಶುರುವಾಗುತ್ತದೆ, ಹಳೆಯ ವರ್ಷಗಳನ್ನು ಬೇರೆ ಫೈಲಿಗೆ ಸರಿಸದೆ ಗತಿಯಿಲ್ಲ. ಕಾಂಪ್ಯಾಕ್ಟ್ ಆಂಡ್ ರಿಪೇರಿ ಮಾಡುವ ಮುನ್ನ ಮುಖ್ಯ ಟೇಬಲುಗಳ ಸಾಲುಗಳನ್ನು ಎಣಿಸಿ ಬರೆದಿಡಿ, ಆದ ಮೇಲೆ ತಾಳೆ ನೋಡಿ. ಎಡವಟ್ಟು ಆಗಿದ್ದರೆ ಎಂಸಿಸ್‌ಕಾಂಪ್ಯಾಕ್ಟ್‌ಎರರ್ಸ್ ಎಂಬ ಟೇಬಲ್ ಅದರೊಳಗೆ ಹುಟ್ಟಿಕೊಳ್ಳುತ್ತದೆ. ಸಾಲುಗಳೆಲ್ಲ ಇದ್ದೂ ಪ್ರೈಮರಿ ಕೀ (ಒಂದೇ ದಾಖಲೆ ಎರಡು ಸಲ ಬರದಂತೆ ತಡೆಯುವ ಗುರುತು) ಕಳಚಿಹೋಗಿರುವುದುಂಟು. ಆಗ ಸಾಫ್ಟ್‌ವೇರ್ ತೆರೆಯುತ್ತದೆ, ಎಲ್ಲ ಸರಿಯಾಯಿತು ಅನಿಸುತ್ತದೆ, ತಿಂಗಳು ಕಳೆದ ಮೇಲೆ ಒಂದೇ ಪ್ಯಾನ್‌ಗೆ ಎರಡೆರಡು ದಾಖಲೆ ಕಾಣತೊಡಗುತ್ತವೆ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಮೊದಲು ಡಿಬಿಸಿಸಿ ಚೆಕ್‌ಡಿಬಿ ಎಂಬ ತಪಾಸಣೆಯ ಆಜ್ಞೆ ಓಡಿಸಿ, ಉತ್ತರವನ್ನು ಪೂರ್ತಿ ಓದಿ. ಹೆಚ್ಚಿನ ದೋಷದ ಸಾಲುಗಳಲ್ಲಿ ಇಂಡೆಕ್ಸ್ ಐಡಿ ಇರುತ್ತದೆ. ಅದು 2 ಅಥವಾ ಹೆಚ್ಚಿನ ಸಂಖ್ಯೆಯಾದರೆ ಕೆಟ್ಟದ್ದು ಹೆಚ್ಚುವರಿ ಇಂಡೆಕ್ಸ್ (ಬೇಗ ಹುಡುಕಲೆಂದು ಇರುವ ಸೂಚಿ), ತೆಗೆದು ಹೊಸದಾಗಿ ಕಟ್ಟಿದರೆ ಒಂದಕ್ಷರವೂ ಹೋಗುವುದಿಲ್ಲ. 0 ಅಥವಾ 1 ಆದರೆ ಡೇಟಾವೇ ಕೆಟ್ಟಿದೆ, ಬ್ಯಾಕಪ್ಪಿನಿಂದ ತರುವುದು ಒಳ್ಳೆಯದು. ರಿಪೇರಿ ಅಲೋ ಡೇಟಾ ಲಾಸ್ ಎಂಬ ಆಜ್ಞೆಯ ಹೆಸರಿನಲ್ಲೇ ಅದರ ಬೆಲೆ ಬರೆದಿದೆ. ಬ್ಯಾಕಪ್ ಒಂದೂ ಇಲ್ಲದಾಗ ಮಾತ್ರ ಅದು. ಆಮೇಲೆ ಡಿಬಿಸಿಸಿ ಚೆಕ್‌ಕನ್‌ಸ್ಟ್ರೇಂಟ್ಸ್ ಓಡಿಸಲೇಬೇಕು, ಏಕೆಂದರೆ ಆ ರಿಪೇರಿ ಟೇಬಲುಗಳ ನಡುವಿನ ನಂಟನ್ನು ಲೆಕ್ಕಿಸುವುದಿಲ್ಲ. ಟ್ಯಾಲಿಯಲ್ಲಾದರೆ ರಿಪೇರಿಗೆ ಮೊದಲು ಮತ್ತು ಆಮೇಲೆ ಸ್ಟ್ಯಾಟಿಸ್ಟಿಕ್ಸ್ ರಿಪೋರ್ಟಿನಲ್ಲಿ ವೌಚರುಗಳ ಸಂಖ್ಯೆ ಹೋಲಿಸಿ.

ಈಗ ಮೂಲ ಕಾರಣ. ಡೇಟಾ ಸರಿಮಾಡಿ ಕಾರಣ ಹಾಗೇ ಬಿಟ್ಟರೆ ಮುಂದಿನ ಸಿಡಿಲಿಗೆ ಮತ್ತೆ ಇದೇ ಮಂಡೆಬಿಸಿ. ಕಂಪ್ಯೂಟರು ಒಂದೂ ಆರದೆ ಡೇಟಾ ಕೆಟ್ಟದ್ದು ಹೇಗೆ ಎಂದು ಕೇಳುವವರು ಗೋಡೆಯ ಮೇಲಿನ ಆ ಚಿಕ್ಕ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚನ್ನು ನೋಡಬೇಕು. ಕಂಪ್ಯೂಟರುಗಳೆಲ್ಲ ಯುಪಿಎಸ್ ಮೇಲೆ, ಸ್ವಿಚ್ಚಿನ ಅಡಾಪ್ಟರ್ ಮಾತ್ರ ಸಾದಾ ಪ್ಲಗ್ಗಿನಲ್ಲಿ. ಕರೆಂಟು ಹೋದ ಕ್ಷಣ ಅದು ಆರಿ ಮತ್ತೆ ಹತ್ತುವಷ್ಟರಲ್ಲಿ ನಾಲ್ಕೂ ಕಂಪ್ಯೂಟರುಗಳ ಸಂಪರ್ಕ ತುಂಡಾಗಿರುತ್ತದೆ. ಅಕ್ಸೆಸ್ ಥರದ ಫೈಲಿಗೆ ಬರೆಯುವ ಕೆಲಸ ಮಾಡುವುದು ಆಯಾ ಕಂಪ್ಯೂಟರೇ. ನಾಲ್ಕು ಪುಟ ಬರೆಯಬೇಕಾದಲ್ಲಿ ಎರಡು ಬರೆದು ತಂತಿ ತುಂಡಾದರೆ ಫೈಲು ಅರ್ಧಂಬರ್ಧವಾಗಿ ಉಳಿಯುತ್ತದೆ. ಸ್ವಿಚ್ಚಿಗೆ ಬೇಕಾಗುವುದು ಕೆಲವೇ ವ್ಯಾಟ್, ಡೇಟಾ ಇರುವ ಕಂಪ್ಯೂಟರಿನ ಯುಪಿಎಸ್ಸಿಗೇ ಹಾಕಿ. ವೈ-ಫೈಯಲ್ಲಿ ಇಂಥ ಡೇಟಾಬೇಸ್ ತೆರೆಯಲೇಬಾರದು, ಕಾರಣ ಇದೇ.

ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿ ಸಾಮಾನ್ಯ ಮತ್ತು ಯುಪಿಎಸ್ ಎಂಬ ಎರಡು ಸ್ಥಾನಗಳ ಗುಂಡಿ ಇದೆಯೇ ನೋಡಿ. ಫ್ಯಾನು-ಲೈಟಿಗೆ ಸಾಮಾನ್ಯ ಸ್ಥಾನ ಸಾಕು, ಅದು ಬದಲಾಗಲು ತೆಗೆದುಕೊಳ್ಳುವ ಸಮಯ ಕಂಪ್ಯೂಟರಿಗೆ ಹೆಚ್ಚಾಗಬಹುದು. ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ನಮ್ಮ ಸೆಕೆಗೆ ಎರಡು-ಮೂರು ವರ್ಷ ಬಾಳಿದರೆ ಹೆಚ್ಚು. ಮೇ ತಿಂಗಳಲ್ಲೇ, ಸಾಫ್ಟ್‌ವೇರ್ ಮುಚ್ಚಿ, ಗೋಡೆಯ ಪ್ಲಗ್ ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ನೋಡಿ.

ಎರಡನೆಯ ದೊಡ್ಡ ಕಾರಣ, ಡೇಟಾ ಫೋಲ್ಡರನ್ನೇ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ನೊಳಗೆ ಇಡುವುದು. ಬ್ಯಾಕಪ್ ತಾನಾಗಿ ಆಗಲಿ ಎಂಬ ಸದುದ್ದೇಶ. ಆದರೆ ಸಿಂಕ್ ಮಾಡುವ ಪ್ರೋಗ್ರಾಮಿಗೆ ಅದು ಬಳಕೆಯಲ್ಲಿರುವ ಡೇಟಾಬೇಸ್ ಎಂಬ ಅರಿವಿಲ್ಲ. ಬರೆಯುತ್ತಿರುವಾಗಲೇ ಎತ್ತಲು ನೋಡುತ್ತದೆ, ಎರಡು ಕಡೆ ಬದಲಾದರೆ ಇನ್ನೊಂದು ಪ್ರತಿ ಸೃಷ್ಟಿಸುತ್ತದೆ. ಸಾಫ್ಟ್‌ವೇರ್ ಮುಚ್ಚಿದ ಮೇಲೆ ತೆಗೆದ ಬ್ಯಾಕಪ್ ಫೈಲು ಮಾತ್ರ ಅಲ್ಲಿಗೆ ಹೋಗಲಿ.

ಪದೇ ಪದೇ ‘ಗುರುತಿಸಲಾಗದ ಡೇಟಾಬೇಸ್’ ಎಂದು ಅಕ್ಸೆಸ್ ಹೇಳುತ್ತಿದ್ದು, ಕರೆಂಟೂ ಕೇಬಲ್ಲೂ ಸರಿಯಿದ್ದರೆ, 2018ರ ವಿಂಡೋಸ್ 10ರ 1803 ಆವೃತ್ತಿಯಿಂದ ಕಾಣಿಸಿಕೊಂಡ ಫೈಲ್ ಲೀಸಿಂಗ್ (ನೆಟ್‌ವರ್ಕಿನ ಫೈಲನ್ನು ಆಯಾ ಕಂಪ್ಯೂಟರು ತನ್ನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ವ್ಯವಸ್ಥೆ) ತೊಂದರೆ ಇರಬಹುದು. ಡೇಟಾ ಇರುವ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಸೆಟ್ಟಿಂಗುಗಳ ಕೋಶ) ಲ್ಯಾನ್‌ಮ್ಯಾನ್‌ಸರ್ವರ್‌ನ ಪ್ಯಾರಾಮೀಟರ್ಸ್ ಅಡಿಯಲ್ಲಿ ‘ಡಿಸೇಬಲ್‌ಲೀಸಿಂಗ್’ ಎಂಬ ಡಿವರ್ಡ್ (ಸಂಖ್ಯೆ ಹಿಡಿಯುವ ನಮೂದು) ಮಾಡಿ 1 ಎಂದು ಕೊಟ್ಟು ಕಂಪ್ಯೂಟರ್ ಮರುಚಾಲನೆ ಮಾಡಬೇಕು.

ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿ. ಹಾರ್ಡ್ ಡಿಸ್ಕಿನಲ್ಲಿ 05, ಸಿ5, ಸಿ6 (ಡಿಸ್ಕಿನ ಕೆಟ್ಟ ಜಾಗಗಳ ಎಣಿಕೆ) ಸಾಲುಗಳ ಕಚ್ಚಾ ಸಂಖ್ಯೆ ಸೊನ್ನೆ ಬಿಟ್ಟು ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ. ಸಿ7 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕನ್ನು ಜೋಡಿಸುವ ಸಾಟಾ ಕೇಬಲ್ಲಿನ ತೊಂದರೆ. ಕಡಲ ಗಾಳಿಯ ಉಪ್ಪು-ತೇವಕ್ಕೆ ತುದಿಗಳು ಕಿಲುಬು ಹಿಡಿಯುವುದು ಇಲ್ಲಿ ಹೊಸದಲ್ಲ, ಕೇಬಲ್ ಬದಲಿಸಿದರೆ ಮುಗಿಯಿತು. ಬೇರೆ ಬೇರೆ ಫೈಲುಗಳು ಬೇರೆ ಬೇರೆ ದಿನ ಕೆಡುತ್ತಿದ್ದರೆ ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ರ್ಯಾಮ್ ಪರೀಕ್ಷೆ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಆ ರ್ಯಾಮ್ ಬೇಡ.

ಬ್ಯಾಕಪ್ ಬಗ್ಗೆ ಒಂದೇ ಮಾತು. ದಿನಾ ಅದೇ ಫೈಲಿನ ಮೇಲೆ ಬರೆಯುತ್ತಿದ್ದರೆ ಕೆಟ್ಟ ಡೇಟಾ ಒಂದೇ ರಾತ್ರಿಯಲ್ಲಿ ಒಳ್ಳೆಯದನ್ನು ನುಂಗುತ್ತದೆ. ವಾರದ ಏಳು ದಿನಕ್ಕೆ ಏಳು ಫೈಲು, ತಿಂಗಳ ಕೊನೆಗೊಂದು, ಮತ್ತು ಕಳಚಿ ಬೀರುವಿನಲ್ಲಿಡುವ ಒಂದು ಡಿಸ್ಕ್.

ಬ್ಯಾಕಪ್ ಹಳೆಯದಾಗಿದ್ದರೂ ಕೈಚೆಲ್ಲಬೇಕಿಲ್ಲ. ಆದಾಯ ತೆರಿಗೆ ಪೋರ್ಟಲಿನ ಇ-ಫೈಲ್ ಮೆನುವಿನಲ್ಲಿ ಸಲ್ಲಿಸಿದ ರಿಟರ್ನ್‌ಗಳ ಪುಟದಿಂದ ಜೇಸನ್ ಫೈಲು (ರಿಟರ್ನಿನ ಡೇಟಾ ಇರುವ ಫೈಲು) ಇಳಿಸಿಕೊಳ್ಳಬಹುದು. ಕಳೆದ ವರ್ಷದ ಜೇಸನ್ನಿನಲ್ಲಿ ಸವಕಳಿಯ ಪಟ್ಟಿ, ಮುಂದೆ ತಂದ ನಷ್ಟ ಎಲ್ಲ ಇರುತ್ತದೆ. ಟಿಡಿಎಸ್‌ಗೆ (ಮೂಲದಲ್ಲೇ ಕಡಿತವಾದ ತೆರಿಗೆಗೆ) ಇಲಾಖೆಯ ಟ್ರೇಸಸ್ ಜಾಲತಾಣದ ಕನ್ಸಾಲಿಡೇಟೆಡ್ ಫೈಲು, ಈ ವರ್ಷದ ಆದಾಯಕ್ಕೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಗಳಾದ ಎಐಎಸ್ ಮತ್ತು 26ಎಎಸ್. ಬಾರದೇ ಹೋಗುವುದು ಸಲ್ಲಿಸದೆ ಉಳಿದಿದ್ದ ಅರ್ಧ ಕೆಲಸ: ಜಾಗ ಮಾರಿದ ಲಾಭದ ಲೆಕ್ಕ, ಟಿಪ್ಪಣಿಗಳು. ಅವನ್ನು ಮೊದಲು ಪಟ್ಟಿ ಮಾಡಿ.

ನಿನ್ನೆಯ ಬ್ಯಾಕಪ್ ಹಾಕಿದಾಗ ಇವತ್ತು ಸಲ್ಲಿಸಿದ ರಿಟರ್ನ್‌ಗಳು ಸಾಫ್ಟ್‌ವೇರಿನಲ್ಲಿ ‘ಬಾಕಿ’ ಎಂದೇ ಕಾಣುತ್ತವೆ. ಯಾರಾದರೂ ಅದನ್ನು ನಂಬಿ ಮತ್ತೆ ಸಲ್ಲಿಸಲು ಕೂರಬಹುದು. ಹಾಗಾಗಿ ಬ್ಯಾಕಪ್‌ನ ಗಂಟೆಯಿಂದ ಈಚೆಗೆ ಬಂದ ಅಕ್‌ನಾಲೆಜ್‌ಮೆಂಟ್‌ಗಳನ್ನೆಲ್ಲ ಇಮೇಲ್, ಡೌನ್‌ಲೋಡ್ಸ್ ಫೋಲ್ಡರ್, ಪೋರ್ಟಲ್ ಮೂರರಿಂದಲೂ ಹೆಕ್ಕಿ, 15 ಅಂಕಿಗಳ ಸಂಖ್ಯೆಯನ್ನು ಒಂದೊಂದೇ ಪಾರ್ಟಿಯ ಎದುರು ದಾಖಲಿಸಿ. ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಆಗದೆ ಉಳಿದವಕ್ಕೆ ಸಲ್ಲಿಸಿದ ದಿನದಿಂದ 30 ದಿನಗಳ ಗಡುವು ಓಡುತ್ತಿರುತ್ತದೆ. ಅವುಗಳ ಎದುರು ತಾರೀಕನ್ನೂ ಬರೆದ ಮೇಲೆಯೇ ಉಳಿದ ನಾಲ್ಕು ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ತೆರೆದುಕೊಡಿ.